ಮಾದರಿ 4417

ಬಾಟಲಿಯ ಮೇಲೆ ಪೆನ್ಸಿಲ್ ಬರಹ: ಅಗಸೆ ಎಣ್ಣೆ, ಹಸಿ.
ಕೆಳಗೆ, ಸಿಟ್ಟಿನಲ್ಲಿ ಒತ್ತಿ ಬರೆದದ್ದು: ಒಣಗುತ್ತಿಲ್ಲ.
ದೋಣಿ ರಿಪೇರಿಯ ಟೆರೆನ್ಸ್ ಬ್ಲೆಂಕಿನ್
ಹಲ್ ನದಿಯ ದಂಡೆಯಿಂದ ನಡೆದೇ ಬಂದು
ಕೌಂಟರಿನ ಮೇಲೆ ಕುಕ್ಕಿ ಹೋಗಿದ್ದಾನೆ.
ಬಳಿದು ಮೂರು ವಾರವಾಯಿತಂತೆ,
ಹಲಗೆ ಇನ್ನೂ ಅಂಟಂಟು,
ಕೂತ ನೊಣ ಏಳುವುದಿಲ್ಲವಂತೆ.

ಸೊನ್ನೆ ಪಾಯಿಂಟ್ ಹದಿನೈದು ಗ್ರಾಂ.
ಐದಾರು ಹನಿ. ಒಗ್ಗರಣೆಗೂ ಸಾಲದು.
ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ
ಉಸಿರು ಹಿಡಿಯುತ್ತೇನೆ;
ಹೊರಗೆ ಬೀಜದ ಲಾರಿ ಹೋದರೆ
ಕೊನೆಯ ಅಂಕಿ ನಡುಗುತ್ತದೆ.

ಆಮೇಲೆ ಅಯೋಡಿನ್ನಿನ ದ್ರಾವಣ,
ಮಂಡಿ ತರಚಿದಾಗ ಹಚ್ಚುತ್ತಿದ್ದ
ಟಿಂಚರಿನ ಅದೇ ಕಂದು.
ಬಿರಡೆ ಒತ್ತಿ ಬೀರುವಿನೊಳಗೆ ಇಟ್ಟು
ಎರಡು ಗಂಟೆ ಬಾಗಿಲು ಹಾಕಬೇಕು.
ಬೆಳಕು ತಾಗಿದರೆ ಲೆಕ್ಕ ಸುಳ್ಳಾಗುತ್ತದೆ.
ಪಕ್ಕದಲ್ಲೇ ಇನ್ನೊಂದು ಫ್ಲಾಸ್ಕು, ಎಣ್ಣೆಯೇ ಇಲ್ಲದ್ದು.
ಏನೂ ಇಲ್ಲದ್ದಕ್ಕೂ ಅಷ್ಟೇ ದ್ರಾವಣ, ಅಷ್ಟೇ ಕತ್ತಲು,
ಅಷ್ಟೇ ಮರ್ಯಾದೆ.

ಅಪರ್ಯಾಪ್ತ.
ಕಾಲೇಜಿನ ನೋಟ್ಸಿನಲ್ಲಿ ಬರೆದುಕೊಂಡ ಪದ.
ಸಾಲದು, ಇನ್ನೂ ಬೇಕು ಎನ್ನುವ ಎಣ್ಣೆ.
ಮೇಡಂ ಅದನ್ನು ಒಂದು ಕೊರತೆಯೆಂಬಂತೆ ಹೇಳಿದ್ದರು.
ಕಾರ್ಬನ್ನುಗಳ ಉದ್ದನೆಯ ಸಾಲಿನಲ್ಲಿ ಅಲ್ಲಲ್ಲಿ
ಇಬ್ಬರು ಎರಡೂ ಕೈ ಹಿಡಿದು ನಿಂತಿರುತ್ತಾರೆ;
ಬಂದವರಿಗೆ ಜಾಗ ಕೊಡಲು
ಒಂದು ಕೈ ಬಿಡುತ್ತಾರೆ, ಅಷ್ಟೆ.
ಗಾಳಿ ಬಂದರೆ ಗಾಳಿಗೂ ಬಿಡುತ್ತಾರೆ.
ಹಾಗೆ ಬಿಟ್ಟ ಕೈಗಳೇ ಹೆಣೆದುಕೊಂಡು
ಹಲಗೆಯ ಮೇಲೆ ಪೊರೆಯಾಗುತ್ತವೆ, ನೀರು ತಡೆಯುತ್ತವೆ.
ಹೊಟ್ಟೆ ತುಂಬಿದ ಎಣ್ಣೆ
ಯಾವ ದೋಣಿಯನ್ನೂ ಕಾದಿಲ್ಲ.

ಆದರೂ ಹಸಿವನ್ನು ತೀರ ಹೊಗಳಬಾರದು.
ಮೌರೀನ್ ಸ್ಟಾದರ್ಸ್ ಮೊದಲ ದಿನವೇ ತೋರಿಸಿದಳು:
ಅಗಸೆ ಎಣ್ಣೆ ಒರೆಸಿದ ಬಟ್ಟೆ ನೀರಿನ ಬಕೆಟ್ಟಿಗೆ,
ಎಂದೂ ಕಸದ ಡಬ್ಬಿಗಲ್ಲ.
ಮುದುಡಿ ಬಿಸಾಡಿದರೆ ರಾತ್ರಿಯೆಲ್ಲ ಗಾಳಿ ತಿಂದು ತಿಂದು
ಬೆಳಗಿನ ಹೊತ್ತಿಗೆ ತಾನೇ ಹೊತ್ತಿಕೊಳ್ಳುತ್ತದೆ.
ಅವಳ ಹಳೆಯ ಕೋಣೆ ಹಾಗೆ ಹೋಯಿತಂತೆ,
ಹೊಸ ಪರದೆಗಳ ಸಮೇತ.

ಎರಡು ಗಂಟೆ ಕಳೆಯಿತು.
ಬ್ಯುರೆಟ್ಟಿನಿಂದ ಥಯೋಸಲ್ಫೇಟ್ ಹನಿ ಹನಿ.
ಕಂದು ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಒಣಹುಲ್ಲು.
ಈಗ ಒಂದಿಷ್ಟು ಗಂಜಿ. ತಕ್ಷಣ ನೀಲಿ.
ಅಗಸೆಗೆ ಗಂಜಿ, ಗಂಜಿಗೆ ನೀಲಿ:
ಅಗಸನ ಕಲ್ಲಿನ ಹತ್ತಿರ ಬಂದಂತಾಗಿ
ಒಬ್ಬಳೇ ನಕ್ಕೆ.
ಏನು ಅಂತ ಮೌರೀನ್ ಕೇಳಿದಳು.
ಹೇಳಲು ಹೋಗಿ ಅರ್ಧಕ್ಕೇ ಬಿಟ್ಟೆ.
ಆ ಹೊತ್ತಿಗೆ ಒಂದು ಹನಿ ಹೆಚ್ಚಾಗಿ ನೀಲಿ ಮಾಯ.
ಮತ್ತೆ ಮೊದಲಿನಿಂದ. ಮತ್ತೆ ಎರಡು ಗಂಟೆ.

ಖಾಲಿ ಫ್ಲಾಸ್ಕು ಕುಡಿದದ್ದು ನಲವತ್ತೆಂಟು ಪಾಯಿಂಟ್ ಆರು.
ಎಣ್ಣೆಯ ಫ್ಲಾಸ್ಕು ಮೂವತ್ತೊಂದು ಪಾಯಿಂಟ್ ಒಂದು.
ಕಳೆದು, ಗುಣಿಸಿ, ಭಾಗಿಸಿದರೆ
ನೂರ ನಲವತ್ತೆಂಟು.
ಅಪ್ಪಟ ಅಗಸೆಗೆ ನೂರ ಎಪ್ಪತ್ತಾದರೂ ಬೇಕು.
ಯಾರೋ ಏನೋ ಬೆರೆಸಿದ್ದಾರೆ.
ಯಾರು, ಏನು, ಯಾವ ರಾತ್ರಿ ಎಂಬುದು
ಅಂಕಿಗೆ ಗೊತ್ತಿಲ್ಲ.
ಎಷ್ಟು ಹಸಿವು ಕಡಿಮೆ ಎಂದಷ್ಟೇ ಹೇಳಿ
ಬಾಯಿ ಮುಚ್ಚಿಕೊಳ್ಳುತ್ತದೆ.

ಬ್ಲೆಂಕಿನ್ ವರದಿಯನ್ನು ತಿರುಗಿಸಿ ತಿರುಗಿಸಿ ನೋಡಿದ.
"ಸರಿ, ಹಲಗೆಗೆ ಏನು ಮಾಡಲಿ?"
ಅದಕ್ಕೆ ನಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ.
ಕೆರೆಯಬೇಕು, ಎಂದೆ. ಪೂರಾ. ಮರ ಕಾಣುವ ತನಕ.
ತಲೆಯಾಡಿಸಿದ. ಅಂಗೈ ಕೌಂಟರಿಗೆ ಅಂಟಿತ್ತು,
ಎತ್ತುವಾಗ ಸಣ್ಣ ಸದ್ದಾಯಿತು.

ಸಂಜೆ ಸೇತುವೆ ಮೇಲೆದ್ದಿತ್ತು.
ಹಡಗೊಂದು ಕೆಸರು ನೀರಿನಲ್ಲಿ ಹೋಗುವ ತನಕ
ಎಲ್ಲರೊಡನೆ ಚಳಿಯಲ್ಲಿ ನಿಂತೆ.
ಮನೆಯಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಗಿದೆ,
ನವೆಂಬರಿನಿಂದ ಏಪ್ರಿಲ್‌ವರೆಗೆ ಹಾಗೇ.
ಅದರ ಅಂಕಿ ಎಂಟೋ ಒಂಬತ್ತೋ.
ಯಾರಿಂದಲೂ ಏನೂ ಬೇಡದ ಸಂಭಾವಿತ.
ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು
ಕಾಯುತ್ತೇನೆ,
ತಲೆ ಬಿಚ್ಚಿಕೊಂಡು.